ಆ ದೇಶಕ್ಕೆ ಹೆಣ್ಣು ಕೊಡಬಹುದೇ?

ಭೂಮಿಯ ಮೇಲಿನ ಯಾವ ಸರ್ಕಾರಕ್ಕೂ ಗೊತ್ತಿಲ್ಲದ ಗುಟ್ಟೊಂದು ನನಗೆ ಗೊತ್ತು. ಅವುಗಳ ನಡತೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಕೋಟು ಹಾಕಿಕೊಂಡವರು ಕೂರುವ ದೊಡ್ಡ ದೊಡ್ಡ ಸಭೆಗಳಲ್ಲಿ ಅಲ್ಲ. ಹೈದರಾಬಾದಿನ ಸನತ್‌ನಗರದಲ್ಲಿ, ಕಾರ್ಖಾನೆಯ ಕೆಲಸಗಾರರಿಗೆಂದು ಎಂದೋ ಕಟ್ಟಿದ ಮನೆಗಳ ಸಾಲಿನಲ್ಲಿ, ನಮ್ಮ ಸೋದರತ್ತೆಯ ಅಡುಗೆಮನೆಯಲ್ಲಿ, ಅವಳು ಜೋಳದ ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಬಡಿಯುವ ಸದ್ದು ಜೋರಾಯಿತೆಂದರೆ ಎಲ್ಲೋ ಒಂದು ಸರ್ಕಾರಕ್ಕೆ ಗ್ರಹಚಾರ ಕಾದಿದೆ ಎಂದೇ ತಿಳಿಯಬೇಕು!

ನಗಬೇಡಿ. ಬೀದರ್ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದ ನಮ್ಮತ್ತೆಗೆ ತನ್ನ ತೀರ್ಪಿನ ಮೇಲೆ ಇರುವ ಭರವಸೆ ನ್ಯಾಯಾಧೀಶರಿಗೂ ಇರಲಾರದು. ಮಾವ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರು ಹೊರಗಿನ ಕೋಣೆಯಲ್ಲಿ ಟೀವಿ ಹಾಕುತ್ತಾರೆ, ಒಂದಿಷ್ಟು ತೆಲುಗು ಸುದ್ದಿ, ಒಂದಿಷ್ಟು ಹಿಂದಿ, ಕೊನೆಗೆ ಕನ್ನಡ. ಅತ್ತೆ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಾಳೆ. ಯಾವುದೋ ದೇಶದಲ್ಲಿ ಗಲಭೆ, ಯಾವುದೋ ದೇಶದಲ್ಲಿ ಪತ್ರಿಕೆಗೆ ಬೀಗ, ಯಾವುದೋ ದೇಶದಲ್ಲಿ ಹುಡುಗರು ಜೈಲಿಗೆ. ಎಲ್ಲವನ್ನೂ ಕೇಳಿ ಅವಳು ಎತ್ತುವ ಪ್ರಶ್ನೆ ಒಂದೇ.

“ಏನ್ರೀ, ಆ ಮನಿಗೆ ಹೆಣ್ಣು ಕೊಡಬಹುದೇನು?”

ಈ ಪ್ರಶ್ನೆ ಎಲ್ಲಿಂದ ಬಂತೆಂದು ಹೇಳಬೇಕು. ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಹೆಣ್ಣು ಕೊಡುವ ಮಾತು ಬಂದರೆ, ಗಂಡಿನ ಮನೆತನ ವಿಚಾರಿಸಲು ಮೊದಲು ಹೋಗುವವಳು ನಮ್ಮತ್ತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಇವಳು ಒಂದು ಸತ್ಯ ಹೇಳಿ ಸಾವಿರ ಮದುವೆ ಮುರಿದವಳು! ಹಾಗೆಂದು ಗಂಡಿನ ಕಡೆಯವರು ಆಡಿಕೊಳ್ಳುತ್ತಾರೆ. ಹೆಣ್ಣಿನ ಕಡೆಯವರು ಮಾತ್ರ ಅವಳಿಗೆ ಆಟೋ ಮಾಡಿಕೊಟ್ಟು, ದಾರಿಗೆ ಎಲೆ ಅಡಿಕೆ ಕಟ್ಟಿಕೊಟ್ಟು ಕಳಿಸುತ್ತಾರೆ.

ನನ್ನ ಮದುವೆಯ ಕಥೆಯನ್ನೇ ಕೇಳಿ. ನಾಚಾರಂನಲ್ಲಿ ಗಂಡಿನ ಮನೆ. ನಮ್ಮಪ್ಪ, ದೊಡ್ಡಪ್ಪ ಎಲ್ಲರೂ ಮುಂದಿನ ಕೋಣೆಯಲ್ಲಿ ಕೂತು ಸೋಫಾ ನೋಡಿದರು, ದೇವರ ಪಟ ನೋಡಿದರು, ಉಪ್ಪಿಟ್ಟು ತಿಂದು “ಮನೆತನ ಭಾಳ ಚಲೋ ಐತಿ” ಎಂದುಬಿಟ್ಟರು. ಅತ್ತೆ ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದವಳು, ಪಾತ್ರೆ ತಿಕ್ಕುವ ಹೆಂಗಸಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೊತ್ತು ಕಳೆದಳು. ಅಷ್ಟಕ್ಕೇ ಬಿಟ್ಟಳೇ? ಮತ್ತೊಂದು ದಿನ ಹೇಳದೆ ಕೇಳದೆ ನಡು ಮಧ್ಯಾಹ್ನ ಹೋಗಿ ಬಾಗಿಲು ಬಡಿದಳು. ಆ ಮನೆಯ ಹಿರಿಯ ಸೊಸೆ ಯಾವ ಹೊತ್ತಿಗೆ ಉಣ್ಣುತ್ತಾಳೆ, ಏನು ಉಣ್ಣುತ್ತಾಳೆ ಎಂದು ನೋಡಲು! ನೋಡಿದರೆ, ಎಲ್ಲರದೂ ಮುಗಿದ ಮೇಲೆ ಅವಳು ಒಲೆಯ ಮುಂದೆ ಕೂತು ತಣ್ಣಗಿನ ಅನ್ನ ಕಲೆಸುತ್ತಿದ್ದಳಂತೆ.

ಸುದ್ದಿ ಕೇಳಿ ನಮ್ಮಪ್ಪ “ಮುಗೀತು ಬಿಡು” ಎಂದರು. ಅತ್ತೆ ಮುಗಿಸಲಿಲ್ಲ. “ಅವಸರ ಮಾಡಬ್ಯಾಡೋ ಅಣ್ಣಾ, ಹಿಂದು ಮುಂದು ನೋಡೂಣು” ಎಂದು ಮತ್ತೆ ವಿಚಾರಿಸಿದಳು. ಆ ವರ್ಷ ಗಂಡಿನ ತಂದೆಯ ಕೈ ಯಂತ್ರಕ್ಕೆ ಸಿಕ್ಕು ಅವರು ಆಸ್ಪತ್ರೆಯಲ್ಲಿದ್ದರು. ಗಂಡಿನ ತಾಯಿ ಅವರ ಹಾಸಿಗೆಯ ಪಕ್ಕ. ಮನೆಯ ಹೊರೆಯೆಲ್ಲ ಆ ಒಬ್ಬ ಸೊಸೆಯ ಮೇಲೆ.

“ಕಷ್ಟದ ವರ್ಷದ ನಡತಿ ಬ್ಯಾರೆ, ಸ್ವಭಾವದ ನಡತಿ ಬ್ಯಾರೆ” ಎಂದು ಅಪ್ಪನಿಗೆ ತೀರ್ಪು ಹೇಳಿ, ನೇರ ಆ ಮನೆಗೆ ಹೋಗಿ ನನ್ನ ಅತ್ತೆಯಾಗಲಿದ್ದವರ ಎದುರೇ ಅಂದಳಂತೆ: “ಅಕ್ಕಾರ, ನಿಮಗ ಕಷ್ಟ ಐತಿ, ಖರೆ. ಆದರ ಅನ್ನ ಬಿಸಿ ಮಾಡಾಕ ಕಷ್ಟ ಏನೂ ಅಡ್ಡ ಬರೂದಿಲ್ಲ ನೋಡ್ರಿ.”

ಹೆಣ್ಣು ಕೊಟ್ಟರು. ಇಂದಿಗೂ ನಮ್ಮ ಮನೆಯಲ್ಲಿ ಎಲ್ಲರೂ ಬಿಸಿಯಾಗಿಯೇ ಉಣ್ಣುತ್ತೇವೆ. ಬಿಸಿ ಮಾಡುವವಳು ನಾನೇ ಎಂಬುದು ಬೇರೆ ಮಾತು!

ಇದೇ ವಿದ್ಯೆಯನ್ನು ಅವಳು ದೇಶಗಳ ಮೇಲೂ ಹೂಡಿದಳು. ದೇಶಗಳ ಹೆಸರನ್ನು ಮಾತ್ರ ಅವಳ ಬಾಯಲ್ಲಿ ಕೇಳಲಾರಿರಿ. ಗಂಡನ ಹೆಸರು ಹೇಗೆ ಹೇಳುವುದಿಲ್ಲವೋ ಹಾಗೆಯೇ. ಒಂದು ಖರ್ಜೂರದ ಮನಿ, ಒಂದು ಬರ್ಫದ ಮನಿ, ಒಂದು ಗುಡ್ಡದ ಮನಿ. ಎಲ್ಲರಿಗೂ ಬುದ್ಧಿ ಹೇಳುತ್ತ ತಿರುಗುವ ಸಿರಿವಂತ ದೇಶವೊಂದಿದೆಯಲ್ಲ, ಅದು ಸಾಹುಕಾರ್ ಮನಿ. ನಾನೂ ಅವಳ ಹಾಗೆಯೇ ಬರೆಯುತ್ತೇನೆ. ಅದಕ್ಕೆ ಕಾರಣವಿದೆ, ಅದನ್ನೂ ಹೇಳುತ್ತೇನೆ.

ಮಾವನದು ಸೀದಾ ಸ್ವಭಾವ. ಪಂಪು ನೀರೆತ್ತಿದರೆ ಸರಿ, ಎತ್ತದಿದ್ದರೆ ಕೆಟ್ಟಿದೆ. ನಡುವೆ ಇನ್ನೇನಿದೆ? “ಹೊಡದದ್ದು ಹೊಡದದ್ದ. ಜೇಲಿಗೆ ಹಾಕಿದ್ದು ಹಾಕಿದ್ದ. ಇದರಾಗ ಮನೆತನ ಏನ್ ನೋಡ್ತಿ?” ಎಂದು ಒಂದು ಸಂಜೆ ಊಟಕ್ಕೆ ಕೂತು ಜಗಳ ತೆಗೆದರು.

“ನೋಡಬೇಕ್ರಿ. ಸೊಸಿಗೆ ಹೊಡದಾರಂತ ಸುದ್ದಿ ಬಂದ್ರ, ಹೊಡದದ್ದು ತಪ್ಪು ಅಂತ ಮದ್ಲ ಅನ್ನಬೇಕು. ಅಂದು, ಆಮ್ಯಾಲ ಕೇಳಬೇಕು. ಸುದ್ದಿ ತಂದಾಂವ ಯಾಂವ? ಆಂವಗೂ ಈ ಮನಿಗೂ ಗ್ವಾಡಿ ಜಗಳ ಐತೇನು? ಈ ಅತ್ತಿ ತಾನು ಸೊಸಿ ಆಗಿದ್ದಾಗ ಎಷ್ಟ ಹೊಡತ ತಿಂದಾಳ? ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತ ಸುಮ್ಮನ ಅಂದಾರೇನು?”

“ಅಂದ್ರ ಆಕಿ ಹೊಡದದ್ದು ಮಾಫ್ ಅಂತೀಯೇನು?”

“ಮಾಫ್ ಅಂತ ಯಾರ ಅಂದ್ರು? ಯಾಕ ಹೊಡೀತಾಳಂತ ತಿಳದ್ರ, ಆಕಿ ಕೈ ಎಲ್ಲಿ ಹಿಡೀಬೇಕಂತ ತಿಳೀತೈತಿ.”

ಮಾವ ಇನ್ನೊಂದು ರೊಟ್ಟಿ ಕೇಳಿದರು. ಆ ಮನೆಯಲ್ಲಿ ಅವರು ಸೋಲೊಪ್ಪಿಕೊಳ್ಳುವ ಕ್ರಮವೇ ಅದು.

ಸಾಹುಕಾರ್ ಮನೆಯ ಮೇಲೆ ಅವಳಿಗೆ ವಿಶೇಷ ಸಿಟ್ಟು. “ಮಂದಿ ಮನಿ ಸುಟ್ಟು, ಆಮ್ಯಾಲ ಬಾಗಿನ ಕಳಸೂ ಮಂದಿ ಅವರು” ಎಂದು ಹಿಟ್ಟಿನ ಮೇಲೆ ಒಂದು ಏಟು ಹೆಚ್ಚಾಗಿಯೇ ಹಾಕುತ್ತಿದ್ದಳು. ಹಾಗಾದರೆ ಅವರು ಬೇರೆಯವರ ಬಗ್ಗೆ ಹೇಳುವುದೆಲ್ಲ ಸುಳ್ಳೇ ಎಂದು ನಾನು ಕೇಳಿದ್ದಕ್ಕೆ ನನ್ನ ಕಡೆ ತಿರುಗಿದಳು. “ಹಂಗಂತ ನಾ ಅಂದ್ನೇನು? ಕೆಟ್ಟ ನೆರಿಮನ್ಯಾಕಿ ತಂದ ಸುದ್ದಿನೂ ಒಮ್ಮೊಮ್ಮೆ ಖರೆ ಇರ್ತೈತಿ. ಸುದ್ದಿ ತಗೋಬೇಕು. ಆಕಿ ಕೊಟ್ಟ ಕಡ್ಡಿಪೆಟ್ಟಿಗಿ ತಗೋಬಾರದು.”

ಇನ್ನೊಂದು ಸಂಜೆಯ ಮಾತು. ಓಣಿಯ ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆಂದು ಬಂದಿದ್ದರು. ಟೀವಿಯಲ್ಲಿ ಖರ್ಜೂರದ ಮನೆಯ ಸುದ್ದಿ ಬರುತ್ತಿತ್ತು. ದೂರದ ಊರುಗಳಿಂದ ದುಡಿಯಲು ಹೋದವರನ್ನು ಸುಡುವ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ತುಂಬಿದ್ದರು. “ಅಯ್ಯ, ಎಂಥಾ ನಿರ್ದಯಿ ಸರಕಾರರೀ! ನಮ್ಮ ದೇಶ ಎಷ್ಟೋ ಚಲೋ” ಎಂದು ಒಬ್ಬರು ಕಣ್ಣೊರೆಸಿಕೊಂಡರು.

ಅತ್ತೆ ಕುಂಕುಮದ ಬಟ್ಟಲು ಕೆಳಗಿಟ್ಟಳು. “ಬರ್ರಿ ಇಲ್ಲಿ” ಎಂದು ಎಲ್ಲರನ್ನೂ ಹಿತ್ತಲ ಗೋಡೆಯ ಹತ್ತಿರ ಕರೆದೊಯ್ದಳು. ಗೋಡೆಯಾಚೆ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿಯೂ ತಗಡಿನ ಶೆಡ್ಡು. ಯಾದಗಿರಿ, ಕಲಬುರಗಿ ಕಡೆಯ ನಮ್ಮವೇ ಸಂಸಾರಗಳು. ಎರಡು ಗೂಟಕ್ಕೆ ಹಳೆಯ ಸೀರೆಯೊಂದನ್ನು ಕಟ್ಟಿ, ಅದರ ಮರೆಯಲ್ಲಿ ಹೆಂಗಸೊಬ್ಬಳು ಮೈಗೆ ನೀರು ಹಾಕಿಕೊಳ್ಳುತ್ತಿದ್ದಳು. ಗಾಳಿ ಬಂದಾಗಲೆಲ್ಲ ಒಂದು ಕೈಯಲ್ಲಿ ಚೊಂಬು, ಒಂದು ಕೈಯಲ್ಲಿ ಸೀರೆಯ ಅಂಚು. ನಮ್ಮನ್ನು ಕಂಡು ಅವಳು ಮುದುಡಿಕೊಂಡಳು. ನಾವು ತಟ್ಟನೆ ಮುಖ ತಿರುಗಿಸಿದೆವು. ನಾಚಿಕೆಯಾದದ್ದು ನಮಗೆ.

“ತನ್ನ ಎಲ್ಯಾಗ ಕತ್ತಿ ಸತ್ತ ಬಿದ್ದಿದ್ರೂ ಮಂದಿ ಎಲಿಯೊಳಗಿನ ನೊಣ ಹೊಡ್ಯಾಕ ಹೋದ್ರಂತ” ಎಂದು ಗೊಣಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತೆ ಮುಂಬಾಗಿಲಿನಿಂದ ಹೊರಟೇಬಿಟ್ಟಳು. ಕಟ್ಟಡದ ಮೇಸ್ತ್ರಿ “ಮೀಕೆಂದುಕಮ್ಮಾ ಇದಂತಾ?” ಎಂದನಂತೆ, ಇದೆಲ್ಲ ನಿಮಗೇಕಮ್ಮಾ ಎಂದು. ಅವನ ದುರ್ದೈವ! ಅತ್ತೆಯ ತೆಲುಗಿನಲ್ಲಿ ಕ್ರಿಯಾಪದವೆಲ್ಲ ಕನ್ನಡದ್ದು, ಬೈಗುಳವೆಲ್ಲ ಉರ್ದುವಿನದು. ಮೂರು ಭಾಷೆಯಲ್ಲಿ ಒಟ್ಟಿಗೆ ಬೈಸಿಕೊಂಡವನು ಎಷ್ಟು ಹೊತ್ತು ತಾಳುತ್ತಾನೆ? ಕೆಲವೇ ದಿನಗಳಲ್ಲಿ ಅಲ್ಲಿ ಇಟ್ಟಿಗೆಯ ಬಚ್ಚಲು ಬಂತು, ಬಾಗಿಲು ಬಂತು. ಬಾಗಿಲಿಗೆ ಚಿಲಕ ಒಳಗಡೆ ಇದೆಯೇ ಎಂದು ಇವಳೇ ಒಳಗೆ ಹೊಕ್ಕು ಹಾಕಿ ನೋಡಿ ಬಂದಳು.

ಬಂದವಳು ಓಣಿಯ ಹೆಣ್ಣುಮಕ್ಕಳಿಗೆ ಅಂದಳು: “ಈಗ ಬೈಯ್ರಿ ಖರ್ಜೂರದ ಮನೀನ್ನ. ನಮ್ಮ ಹಿತ್ತಲ ಹೊಲಸ ಐತಿ ಅಂತ ಬಾಯಿ ಮುಚಗೊಂಡು ಕುಂಡ್ರಬೇಕಂತಲ್ಲ. ಮದ್ಲ ಕೈಯಾಗ ಕಸಬರಿಗಿ ಹಿಡದು, ಆಮ್ಯಾಲ ಬಾಯಿ ತೆಗೀಬೇಕು.”

ಇಂಥ ಅತ್ತೆಯ ಮನೆಯ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದವಳು ಝರೀನಾ. ಹೊರದೇಶದಿಂದ ಈ ಊರಿಗೆ ಓದಲು ಬರುವ ಹುಡುಗ ಹುಡುಗಿಯರು ಬಹಳ. ಅವರಲ್ಲೊಬ್ಬಳು; ಔಷಧ ಶಾಸ್ತ್ರ ಓದುತ್ತಿದ್ದಳು. ಮನೆಯಲ್ಲಿ ಸಿನಿಮಾ ನೋಡಿ ಕಲಿತ ನಾಜೂಕು ಹಿಂದಿಯನ್ನು ತಂದಿದ್ದಳು, ಪಾಪ. ನಮ್ಮ ಊರು ಅದನ್ನು ಹಾಗೇ ಬಿಡುತ್ತದೆಯೇ? ಸ್ವಲ್ಪ ದಿನಗಳಲ್ಲಿ ಬೇಡ ಎನ್ನುವುದಕ್ಕೆ “ನಕ್ಕೋ ಆಂಟೀ” ಎನ್ನತೊಡಗಿದಳು. ಮತ್ತಷ್ಟು ದಿನ ಕಳೆಯುವಷ್ಟರಲ್ಲಿ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಮಡಿಚಿ ಕಾಲೇಜಿಗೆ ಒಯ್ಯತೊಡಗಿದಳು.

ಅವಳು ಗುಡ್ಡದ ಮನೆಯವಳು.

ಗುಡ್ಡದ ಮನೆಯ ಬಗ್ಗೆ ಅತ್ತೆಯ ತೀರ್ಪು ಅದಕ್ಕೂ ಮೊದಲೇ ಆಗಿಹೋಗಿತ್ತು. ಪ್ರಶ್ನೆ ಕೇಳಿದವರು ಆ ದೇಶದಲ್ಲಿ ಮನೆಗೆ ಮರಳುವುದಿಲ್ಲ ಎಂದು ಸುದ್ದಿ. ಒಂದು ಭಾನುವಾರ ನಾನೂ ಹೋಗಿದ್ದೆ. ಝರೀನಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಹೊರಗೆ ಟೀವಿಯಲ್ಲಿ ಅವಳ ದೇಶದ ಸುದ್ದಿಯೇ ಬಂತು. ಅತ್ತೆ ರೊಟ್ಟಿ ಬಡಿಯುತ್ತ ತನ್ನ ಹರಕು ಹಿಂದಿಯಲ್ಲಿ ಹುಡುಗಿಗೆ ತನ್ನ ವಿಚಾರಣೆಯ ಕ್ರಮವನ್ನೆಲ್ಲ ವಿವರಿಸಿದಳು. ಹಿತ್ತಲು ನೋಡುವುದು, ಸೊಸೆಯ ಊಟ ನೋಡುವುದು, ನೆರೆಯವರ ಜಗಳ ನೋಡುವುದು. ವಿವರಿಸಿ, ದೊಡ್ಡ ಉಪಕಾರ ಮಾಡುವವಳ ಹಾಗೆ ಮುಗಿಸಿದಳು: ನಿಮ್ಮ ದೇಶಕ್ಕೆ ನಾನಾದರೆ ಹೆಣ್ಣು ಕೊಡುವುದಿಲ್ಲ ಮಗಳೇ.

ಝರೀನಾ ಚಹಾದ ಲೋಟ ಕೆಳಗಿಟ್ಟಳು. ಮುಖ ಕೆಂಪಾಗಿತ್ತು.

“ಆಂಟೀ, ವೋ ಮೇರಾ ಸಸುರಾಲ್ ನಹೀ ಹೈ. ಮೇರಾ ಮೈಕಾ ಹೈ.”

ಅದು ನನ್ನ ಅತ್ತೆಮನೆಯಲ್ಲ ಆಂಟೀ, ನನ್ನ ತವರು.

ರೊಟ್ಟಿಯ ಸದ್ದು ನಿಂತಿತು. ಹಂಚಿನ ಮೇಲಿನದು ಸೀದು ವಾಸನೆ ಬಂದರೂ ಅತ್ತೆ ಮಗುಚಲಿಲ್ಲ. ನಾನು ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ, ಅವಳ ರೊಟ್ಟಿ ಸೀದದ್ದು ಅದೇ ಮೊದಲು. ಎಲ್ಲ ದೇಶಗಳನ್ನೂ ಅವಳು ಹೆಣ್ಣು ಕೊಡುವ ಮನೆಗಳೆಂದೇ ನೋಡುತ್ತ ಬಂದಿದ್ದಳು. ಬೇಡ ಎಂದರೆ ಮುಗಿಯಿತು, ಎಲೆ ಅಡಿಕೆ ಹಿಂದಕ್ಕೆ ಕೊಟ್ಟು ಬಂದರಾಯಿತು. ಆದರೆ ಅಲ್ಲಿಯೇ ಹುಟ್ಟಿದವರು ಏನು ಮಾಡಬೇಕು? ವಿಚಾರಿಸಿಕೊಂಡು ತವರಿನಲ್ಲಿ ಹುಟ್ಟಿದ ಹೆಣ್ಣು ಎಲ್ಲಾದರೂ ಇದ್ದಾಳೆಯೇ?

ಆ ಸಂಜೆ ಹುಡುಗಿ ತಾನಾಗಿ ಎಲ್ಲವನ್ನೂ ಹೇಳಿದಳು. ಅಂಗಳದ ಜರ್ದಾಳು ಹಣ್ಣಿನ ಗಿಡ, ಚಳಿಗಾಲದಲ್ಲಿ ಒಂದೇ ರಜಾಯಿಯೊಳಗೆ ಅಣ್ಣನ ಜೊತೆ ಕಾಲು ಕಾಯಿಸಿಕೊಂಡದ್ದು, ತಾಯಿ ಸತ್ತ ಮೇಲೆ ತಂದೆಯೇ ಜಡೆ ಹೆಣೆಯಲು ಕಲಿತದ್ದು. ತಂದೆ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವರು. ಅಣ್ಣನ ಕಾಲೇಜಿನ ಮೇಷ್ಟ್ರೊಬ್ಬರನ್ನು ಸರ್ಕಾರದವರು ಕರೆದೊಯ್ದರು. ಅವರೆಲ್ಲಿ ಎಂದು ಕೇಳಲು ಅಣ್ಣ ಗೆಳೆಯರ ಜೊತೆ ಕಾಲೇಜಿನ ಗೇಟಿನಲ್ಲಿ ನಿಂತ. ಅವನನ್ನೂ ಕರೆದೊಯ್ದರು. ಈಗ ಅವನೆಲ್ಲಿ ಎಂದು ಕೇಳುವವರು ಯಾರೂ ಉಳಿದಿಲ್ಲ. ಹೇಳುತ್ತ ಹೇಳುತ್ತ ಅವಳು ತನ್ನ ಸರ್ಕಾರವನ್ನು ಬೈದ ಬೈಗುಳದ ಮುಂದೆ ಟೀವಿಯವರದು ಏನೂ ಅಲ್ಲ. ಆದರೆ ಮಾವ “ಹಾಳ ದೇಶ” ಎಂದೊಡನೆ ಮತ್ತೆ ಮುಖ ಕೆಂಪು! ತವರಿನ ಹುಳುಕನ್ನು ತವರಿನ ಮಗಳು ಆಡಬಹುದು, ಇನ್ನೊಬ್ಬರು ಆಡಿದರೆ ಕರುಳು ಚುರ್ ಎನ್ನುತ್ತದೆ. ಇದನ್ನು ಕನ್ನಡದ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಕೆಲವು ತಿಂಗಳಿಗೆ ಕೆಟ್ಟ ಸುದ್ದಿ ಬಂತು. ತಂದೆ ಹಾಸಿಗೆ ಹಿಡಿದಿದ್ದಾರೆ, ಏಳುವ ಭರವಸೆಯಿಲ್ಲ. ಝರೀನಾ ಹೋಗಬೇಕೆಂದಳು. ಹೋಗುವುದೇನೋ ಸುಲಭವೇ. ತಿರುಗಿ ಬರುವುದು? ಮನೆಯವರೊಬ್ಬರು ಜೈಲಿನಲ್ಲಿದ್ದರೆ ಅಂಥವರನ್ನು ಗಡಿಯಲ್ಲಿ ಒಳಗೆ ಬಿಡುತ್ತಾರೆ, ಹೊರಗೆ ಬಿಡುವುದು ಅಲ್ಲಿಯ ಯಾವುದೋ ಕಚೇರಿಯ ಮರ್ಜಿ ಎಂದು ಕೇಳಿದ್ದೆವು. ಓದು ಇನ್ನೂ ಮುಗಿದಿರಲಿಲ್ಲ.

ಅತ್ತೆ ತನ್ನ ಹಳೆಯ ಪದ್ಧತಿಯನ್ನೇ ಹಿಡಿದಳು. ಆ ದೇಶದಿಂದ ಬಂದು ಇಲ್ಲಿ ಓದುತ್ತಿರುವ ಹುಡುಗರನ್ನೆಲ್ಲ ಹೋಳಿಗೆ ಊಟಕ್ಕೆ ಕರೆದಳು. ಹುಡುಗರು ಚಪ್ಪರಿಸಿ ತಿಂದರು. ಊಟದ ನಡುವೆ ಅವಳು ಮೆಲ್ಲಗೆ, ಊರಲ್ಲಿ ಹೇಗಿದೆಯಪ್ಪಾ ಎಂದಳು. “ಸಬ್ ಠೀಕ್ ಹೈ ಆಂಟೀ, ಎಲ್ಲಾ ಶತ್ರುಗಳ ಸುಳ್ಳು ಪ್ರಚಾರ” ಎಂದರು ಎಲ್ಲರೂ.

ಅವರು ಹೋದ ಮೇಲೆ ಮಾವನಿಗೆ ಸಂತೋಷ. “ನೋಡು, ಎಲ್ಲಾ ಠೀಕ್ ಐತಂತ. ಇಷ್ಟು ದಿನ ಸುಳ್ಳ ಹೆದರಿದ್ವಿ.”

“ಠೀಕ್ ಐತಿ ಅಂದ್ರು, ಖರೆ. ಅನ್ನೂಕಿಂತ ಮದ್ಲ ಒಬ್ಬರ ಮಾರಿ ಒಬ್ಬರು ನೋಡಿದ್ರು. ಅತ್ತಿ ಎದುರಿಗೆ ಸೊಸೀನ್ನ ಆರಾಮ ಅದೀಯೇನವಾ ಅಂತ ಕೇಳ್ರಿ, ಹಂಗ ನೋಡ್ತಾಳ.” ಸ್ವಲ್ಪ ತಡೆದು ಸೇರಿಸಿದಳು, “ಒಬ್ಬ ಹುಡುಗ ತಾಟು ಇಡಾಕ ಒಳಗ ಬಂದಿದ್ದಾ. ಆಕೀನ್ನ ಕಳಸಬ್ಯಾಡ್ರಿ ಆಂಟೀ ಅಂದಾ. ಅಷ್ಟ ಅಂದು ಹೋದಾ.”

ಅಂದರೆ ಎಲ್ಲವೂ ಗೊತ್ತಾದಂತಾಯಿತು. ಮರುದಿನ ಝರೀನಾ ಬಂದು ಎದುರಿಗೆ ಕೂತಳು. “ಆಂಟೀ, ಎಲ್ಲ ಮನೆಗಳಿಗೂ ನೀವು ತೀರ್ಪು ಹೇಳುತ್ತೀರಲ್ಲ. ಹೇಳಿ, ನಾನು ಹೋಗಲೋ ಬೇಡವೋ?”

ಭೂಮಿಯ ಮೇಲಿನ ಅಷ್ಟೂ ಸರ್ಕಾರಗಳಿಗೆ ತೀರ್ಪು ಕೊಟ್ಟವಳು ಎದ್ದು ಒಂದು ಹುಡುಗಿಗಾಗಿ ಚಹಾಕ್ಕೆ ನೀರಿಟ್ಟಳು. ಮಾವ ಆಗಲೇ “ಬ್ಯಾಡವಾ, ಹೋಗಬ್ಯಾಡ” ಎಂದು ಮುಗಿಸಿಬಿಟ್ಟಿದ್ದರು. ನಾನೂ ಅದನ್ನೇ ಅಂದೆ. ಪ್ರೀತಿಯಿಂದಲೇ ಅಂದೆ. ಯಾರಾದರೂ ಇನ್ನೇನು ಅಂದಾರು?

ಅತ್ತೆ ಒಲೆಯ ಕಡೆಗೇ ತಿರುಗಿ ಮಾತಾಡಿದಳು. ಯಾರ ಮುಖವನ್ನೂ ನೋಡಲಿಲ್ಲ. “ನಮ್ಮಪ್ಪ ಬ್ಯಾನಿ ಬಿದ್ದಾಗ ಅಣ್ಣ ಕರಿಯಾಕ ಬಂದಿದ್ದಾ. ಹಬ್ಬ ಮುಗಸಿ ಹೋಗು ಅಂದ್ರು ಇಲ್ಲಿ. ಹಬ್ಬ ಮುಗಸಿ ಹೋದ್ನಿ. ಅಪ್ಪನ ಮಾರಿ ಸಿಗಲಿಲ್ಲ.”

ಆ ಅಪ್ಪ ನನ್ನ ಅಜ್ಜ. ಈ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಹಬ್ಬ ಮುಗಿಸಿ ಹೋಗು ಎಂದವರು ಮಾವನ ತಾಯಿ. ಮಾವ ತಲೆ ತಗ್ಗಿಸಿದರು. ಅತ್ತೆ ಅವರ ಕಡೆ ಕೈ ಆಡಿಸಿದಳು. “ನಿಮ್ಮವ್ವ ಕೆಟ್ಟಾಕಿ ಅ‌ಲ್ರಿ. ಆ ವರ್ಷ ಮನಿ ತುಂಬ ಮಂದಿ, ಆಕೀಗೆ ಸೊಂಟ ಹಿಡದಿತ್ತು, ಮಾಡಾಕ ನಾ ಒಬ್ಬಾಕಿನ. ಹಿಂದು ಮುಂದು ಎಲ್ಲಾ ತಿಳೀತೈತಿ ನಂಗ. ತಿಳದ್ರೇನು, ಅಪ್ಪ ಸಿಗಲಿಲ್ಲಲ್ಲ.”

ಆಮೇಲೆ ಝರೀನಾಳ ಕೈ ಹಿಡಿದು ಹಿಂದಿಯಲ್ಲಿ ಒಂದೇ ಮಾತು ಹೇಳಿದಳು. ಹೋಗು ಮಗಳೇ, ತಿರುಗಿ ಬಾ.

ಹೊರಡುವ ದಿನ ಅವಳಿಗೆ ಉಡಿ ತುಂಬಬೇಕೆಂದು ಅತ್ತೆ ಹಟ ಹಿಡಿದಳು. ಮಾವ ಬೇಗಂ ಬಜಾರಿಗೆ ಹೋಗಿ ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ ತಂದರು. ನಾನು ಕುಪ್ಪಸದ ಕಣ ತಂದೆ. ಹಸಿರು ಬಣ್ಣದ್ದು. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಗಲ್ಲಕ್ಕೆ ಕೈ ಇಟ್ಟುಕೊಂಡರು. “ಮದಿವ್ಯಾಗಿಲ್ಲ, ನಮ್ಮ ಪೈಕಿನೂ ಅಲ್ಲ. ಅಂಥಾಕಿಗೆ ಉಡಿ ತುಂಬ್ತಾರೇನ್ರಿ?”

“ಅದು ಉಡ್ಯಾಗಿನ ಅಕ್ಕಿಗೆ ಗೊತ್ತಾಗೂದಿಲ್ಲ ಬಿಡ್ರಿ” ಎಂದಳು ಅತ್ತೆ.

ಝರೀನಾಳಿಗೆ ಸೀರೆಯ ಸೆರಗಿಲ್ಲ. ದುಪಟ್ಟಾದ ಎರಡು ತುದಿಗಳನ್ನು ಹಿಡಿದು ಒಡ್ಡಿ ನಿಂತಳು. ಅತ್ತೆ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ತವರಿನಿಂದ ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವ ಶಾಸ್ತ್ರ ಇದು. ಈ ಮಗಳು ಹೊರಟದ್ದು ತವರಿಗೆ. ಶಾಸ್ತ್ರ ಉಲ್ಟಾ ಆಯಿತೆಂದು ನಾನು ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅತ್ತೆ ಕೊಬ್ಬರಿ ಬಟ್ಟಲು ಕೇಳಿದಳು, ಎತ್ತಿ ಕೊಟ್ಟೆ.

ಅವಳು ತಲುಪಿದಳು. ತಂದೆ ಬದುಕಿದ್ದರು. ಒಂದು ಸಂಜೆ ಮೊಬೈಲಿನಲ್ಲಿ ಮುಖ ಕಾಣುವ ಹಾಗೆ ಕರೆ ಬಂತು. ಅಂದು ನಾನು ಅಲ್ಲೇ ಇದ್ದೆ. ದಿಂಬಿಗೆ ಒರಗಿದ ಬೆಳ್ಳನೆಯ ಮನುಷ್ಯ, ಗಡ್ಡದಲ್ಲೆಲ್ಲ ಬೆಳ್ಳಿ. ಅತ್ತೆ ಅವಸರದಿಂದ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅವರು ನಿಲ್ಲಿಸಿ ನಿಲ್ಲಿಸಿ ತಮ್ಮ ಭಾಷೆಯಲ್ಲಿ ಹೇಳಿದರು, ಝರೀನಾ ಪಕ್ಕದಲ್ಲಿ ಕೂತು ಹಿಂದಿಗೆ ತಂದಳು. ಮಗ ಎಲ್ಲಿದ್ದಾನೋ ಗೊತ್ತಿಲ್ಲ. ನಾನು ಇನ್ನು ಸ್ವಲ್ಪ ದಿನ. ಆಮೇಲೆ ಇವಳಿಗೆ ಯಾರಿದ್ದಾರೆ?

ಗಾಬರಿಯಲ್ಲಿ ಅತ್ತೆಗೆ ಹಿಂದಿ ಮರೆತೇ ಹೋಯಿತು. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕನ್ನಡದಲ್ಲೇ ಶುರು ಮಾಡಿದಳು. “ಅಣ್ಣಾರ, ಚಿಂತಿ ಮಾಡಬ್ಯಾಡ್ರಿ. ನಾ ಅದೀನಿ. ಆಕಿ ಚೊಚ್ಚಲ ಬಾಣಂತನ ನಮ್ಮ ಮನ್ಯಾಗರೀ. ಮಾತ ಕೊಡ್ತೀನಿ, ನಮ್ಮ ಮನ್ಯಾಗ.”

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ಆ ಗುಡ್ಡದ ನಾಡಿನ ಮುದುಕರಿಗೆ ಯಾರು ಹೇಳಬೇಕು? ಝರೀನಾಳಿಗೂ ಆ ಮಾತು ತಿಳಿಯಲಿಲ್ಲ, ತನ್ನ ಭಾಷೆಗೆ ತರಲಿಲ್ಲ. ಅವರು ಅತ್ತೆಯ ಮುಖವನ್ನೇ ನೋಡುತ್ತಿದ್ದು, ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

ತಂದೆ ತೀರಿಕೊಂಡು ಈಗ ಬಹಳ ದಿನಗಳಾದವು. ಝರೀನಾ ಇನ್ನೂ ಬಂದಿಲ್ಲ. ಪಾಸ್‌ಪೋರ್ಟನ್ನು ಕಚೇರಿಯವರು ತೆಗೆದಿಟ್ಟುಕೊಂಡಿದ್ದಾರೆ, ಕೇಳಿದಾಗಲೆಲ್ಲ ನಾಳೆ ಬಾ ಎನ್ನುತ್ತಾರೆ. ಕರೆ ಬರುವುದೂ ಕಡಿಮೆಯಾಗಿದೆ. ನಾನು ದೇಶದ ಹೆಸರು ಬರೆಯದಿರುವುದು, ಹುಡುಗಿಯ ಹೆಸರು ಬದಲಿಸಿರುವುದು ಇದಕ್ಕೇ. ಮಾಳಿಗೆಯ ಕೋಣೆಯನ್ನು ಅತ್ತೆ ಬೇರೆ ಯಾರಿಗೂ ಕೊಟ್ಟಿಲ್ಲ.

ಮೊನ್ನೆ ಮಧ್ಯಾಹ್ನ ಹೋದಾಗ ಬಾಗಿಲ ಬಳಿ ಕೂತು ಏನೋ ಹೊಲಿಯುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ, ಕೇಳಿಯೇಬಿಟ್ಟೆ. “ಅತ್ತಿ, ಈಗರೆ ಹೇಳು. ಆ ಸರಕಾರ ಹ್ಯಾಂಗ?”

“ಹಿಂದು ನೋಡೀನಿ, ಮುಂದು ನೋಡೀನಿ. ಸುತ್ತಲಿನ ಮಂದಿ ಎಷ್ಟ ಕಾಡ್ಯಾರ, ಎಷ್ಟ ಸಲ ಅವರ ಮನಿಗೆ ಬೆಂಕಿ ಹಚ್ಯಾರ, ಎಲ್ಲಾ ಕೇಳೀನಿ. ಕೇಳಿದ ಮ್ಯಾಲ ಹೇಳಾಕತ್ತೀನಿ. ತಪ್ಪು. ಅಪ್ಪನ್ನ ಮಣ್ಣು ಮಾಡಾಕ ಬಂದ ಮಗಳನ್ನ ಕೂಡಿ ಹಾಕೂದು ತಪ್ಪು. ಇದಕ್ಕ ಹಿಂದು ಇಲ್ಲ, ಮುಂದೂ ಇಲ್ಲ.”

ಕೈಯಲ್ಲಿದ್ದ ಬಟ್ಟೆ ಏನೆಂದು ಆಗ ನೋಡಿದೆ. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿಯುತ್ತಿದ್ದ ಕುಂಚಿಗೆ. ಎಳೆಗೂಸಿನ ತಲೆಗೆ ಕಟ್ಟಿ ಬೆನ್ನ ಮೇಲೆ ಇಳಿಬಿಡುತ್ತಾರಲ್ಲ, ಅದು.

“ಇದು ಯಾರಿಗೆ ಅತ್ತಿ?”

“ಝರೀನಾನ ಕೂಸಿಗೆ.”

“ಆಕೀದು ಮದಿವಿನ ಆಗಿಲ್ಲಲ್ಲ!”

“ಆಗ್ತೈತಿ. ಬರ್ತಾಳ, ಓದು ಮುಗಸ್ತಾಳ, ಆಗ್ತೈತಿ. ಆಗ ಗಡಬಡಿ ಆಗಬಾರದು ನೋಡು.” ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದಳು. “ಇದನ್ನೊಂದು ಪೋಣಿಸಿ ಕೊಡವಾ. ಹೊತ್ತ ಮುಣಗಿತು, ಕಣ್ಣ ಕಾಣವಲ್ಲವು.”

ಹೊರಗೆ ಸುಡುಸುಡು ಬಿಸಿಲಿತ್ತು. ನಾನು ದಾರ ಪೋಣಿಸಿ ಕೊಟ್ಟೆ.